ಸೂಲಗಿತ್ತಿ ನರಸಮ್ಮನವರನ್ನು ನೆನೆಯುವ ಬಗೆ

ಮನುಷ್ಯನು ತನ್ನ ಜೀವಮಾನದಲ್ಲಿ ಪಡೆಯುವ ಉಪಕಾರಗಳಲ್ಲಿ ಮೊತ್ತಮೊದಲನೆಯದು ಅವನ ನೆನಪಿನಲ್ಲಿ ಉಳಿಯುವುದಿಲ್ಲ. ತಾಯಿಯ ಮುಖವನ್ನು ಕಾಣುವುದಕ್ಕೂ ಮುನ್ನ ಅವನನ್ನು ಕೈಚಾಚಿ ಎತ್ತಿಕೊಂಡವರು, ಬಾಯಿ ಮೂಗು ಒರೆಸಿ, ಮೊದಲ ಅಳುವನ್ನು ಕೇಳಿ ಸಮಾಧಾನದ ಉಸಿರುಬಿಟ್ಟವರು ಮತ್ತೊಬ್ಬರು. ಆ ಮತ್ತೊಬ್ಬರ ಹೆಸರೇನೆಂದು ಕೇಳಿದರೆ, ಅರವತ್ತು ದಾಟಿದ ಕನ್ನಡಿಗರಲ್ಲಿ ಉತ್ತರ ಹೇಳಬಲ್ಲವರು ವಿರಳ. ಹುಟ್ಟಿದ ಗಳಿಗೆ, ನಕ್ಷತ್ರ, ಪಾದಗಳನ್ನು ಪುರೋಹಿತರಿಂದ ಬರೆಯಿಸಿ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಮನೆಗಳಲ್ಲಿಯೂ ಸೂಲಗಿತ್ತಿಯ ಹೆಸರನ್ನು ಯಾರೂ ಬರೆದಿಡಲಿಲ್ಲ.

ಹೀಗೆ ಹೆಸರಿಲ್ಲದೆ ದುಡಿದು ಮಣ್ಣಾದ ಸಹಸ್ರಾರು ಸ್ತ್ರೀಯರ ನಡುವೆ, ಕಟ್ಟಕಡೆಗಾದರೂ ನಾಡಿಗೆ ಹೆಸರು ತಿಳಿದ ಒಬ್ಬಾಕೆ ಪಾವಗಡದ ಸೂಲಗಿತ್ತಿ ನರಸಮ್ಮನವರು. 2018ರ ಡಿಸೆಂಬರ್ 25ರಂದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವರು ತೀರಿಕೊಂಡಾಗ ವಯಸ್ಸು 98. ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಿದ್ದರು. ಅಕ್ಷರ ಕಲಿಯದ ಈ ವೃದ್ಧೆಗೆ ತುಮಕೂರು ವಿಶ್ವವಿದ್ಯಾನಿಲಯವು 2014ರಲ್ಲಿ ಗೌರವ ಡಾಕ್ಟರೇಟ್ ನೀಡಿತ್ತು. ಸುಮಾರು ಏಳು ದಶಕಗಳ ಅವಧಿಯಲ್ಲಿ ಹದಿನೈದು ಸಾವಿರಕ್ಕೂ ಮಿಕ್ಕ ಹೆರಿಗೆಗಳನ್ನು ಮಾಡಿಸಿದರೆಂದೂ, ಯಾವುದಕ್ಕೂ ಹಣ ಪಡೆಯಲಿಲ್ಲವೆಂದೂ ಅವರ ಬಗ್ಗೆ ಪ್ರಕಟವಾದ ಎಲ್ಲ ಬರಹಗಳೂ ಹೇಳಿವೆ.

ಚೆನ್ನೈನಲ್ಲಿ ಕುಳಿತು ಪಾವಗಡದ ಮುದುಕಿಯೊಬ್ಬರನ್ನು ನೆನೆಯುವುದೇಕೆ ಎಂದು ವಾಚಕರಿಗೆ ತೋರಬಹುದು. ಕಾರಣವು ದೂರದ್ದಲ್ಲ. ಈ ಊರಿನ್ನೂ ಮದರಾಸೆನಿಸಿಕೊಂಡಿದ್ದ ಕಾಲದಲ್ಲಿ ಮೈಲಾಪುರ, ತಿರುವಲ್ಲಿಕ್ಕೇಣಿ, ತ್ಯಾಗರಾಯನಗರಗಳ ಕನ್ನಡ ಸಂಸಾರಗಳಲ್ಲಿ ಚೊಚ್ಚಲು ಬಸುರಿಯು ಇಲ್ಲಿಯೇ ಹೆರುವುದು ಅಪರೂಪವಾಗಿತ್ತು. ಏಳನೆಯ ತಿಂಗಳಿನಲ್ಲಿ ಸೀಮಂತ ಮುಗಿಸಿ, ಮಡಿಲು ತುಂಬಿ, ಸೆಂಟ್ರಲ್ ನಿಲ್ದಾಣದಲ್ಲಿ ಬೆಂಗಳೂರು ಮೇಲ್ ಹತ್ತಿಸಿದರೆ, ಆಕೆ ಹಿಂದಿರುಗುತ್ತಿದ್ದುದು ಕೈಗೂಸಿನೊಡನೆ. ಹೋಟೆಲಿನಲ್ಲಿಯೋ ಬ್ಯಾಂಕಿನಲ್ಲಿಯೋ ರೈಲ್ವೆ ಕಚೇರಿಯಲ್ಲಿಯೋ ದುಡಿಯುತ್ತಿದ್ದ ಗಂಡನಿಗೆ ಮಗು ಹುಟ್ಟಿದ ಸುದ್ದಿ ತಂತಿಯ ಮೂಲಕ ತಲಪುತ್ತಿತ್ತು. ಆದುದರಿಂದಲೇ ಮದರಾಸಿನಲ್ಲಿಯೇ ಬೆಳೆದು, ಕನ್ನಡಕ್ಕಿಂತ ತಮಿಳನ್ನೇ ಸರಾಗವಾಗಿ ಆಡುವ ಅನೇಕರ ಜನ್ಮಸ್ಥಳವು ಇಂದಿಗೂ ತುಮಕೂರು, ಹಾಸನ, ಕುಂದಾಪುರ, ಶಿರಾ ಎಂದೇ ದಾಖಲಾಗಿದೆ. ಆ ಊರುಗಳಲ್ಲಿ ಅವರನ್ನು ಎತ್ತಿಕೊಂಡ ಕೈಗಳು ಬಹುಮಟ್ಟಿಗೆ ಇಂಥ ಸೂಲಗಿತ್ತಿಯರವೇ.

ಪಾವಗಡವು ತುಮಕೂರು ಜಿಲ್ಲೆಗೆ ಸೇರಿದ್ದರೂ ನಕಾಶೆಯಲ್ಲಿ ನೋಡಿದರೆ ಬಹುಪಾಲು ಆಂಧ್ರದೊಳಕ್ಕೆ ಹೊಕ್ಕ ದ್ವೀಪದಂತೆ ಕಾಣುತ್ತದೆ. ಮಳೆ ಕಡಮೆ; ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು; ಹಲ್ಲು ಕಂದಿ ಮೂಳೆ ಬಾಗಿದವರನ್ನು ಅಲ್ಲಿಯ ಹಳ್ಳಿಗಳಲ್ಲಿ ಕಾಣುವುದು ಹೊಸತಲ್ಲ. ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಗಡಿಯ ಆಚೆ ಸೂಲಗಿತ್ತಿಯನ್ನು ‘ಮಂತ್ರಸಾನಿ’ ಎನ್ನುತ್ತಾರೆ. ತಮಿಳಿನಲ್ಲಿ ಆಕೆ ‘ಮರುತ್ತುವಚ್ಚಿ’. ಕನ್ನಡದ ‘ಸೂಲು’ ಮಾತ್ರ ತಮಿಳಿನ ‘ಶೂಲ್’ ಎಂಬುದರ ಒಡಹುಟ್ಟು. ಬಸಿರು, ಹೆರಿಗೆ ಎಂಬ ಅರ್ಥದಲ್ಲಿ ಎರಡೂ ಭಾಷೆಗಳು ಒಂದೇ ಮಾತನ್ನು ಕಾಪಾಡಿಕೊಂಡು ಬಂದಿವೆ. ಭಾಷೆಗಾಗಿ ಜಗಳವಾಡುವವರು ಈ ಮಾತನ್ನು ಆಗಾಗ ನೆನೆದರೆ ತಪ್ಪಿಲ್ಲ.

ಈ ತಾಲ್ಲೂಕಿನ ಕೃಷ್ಣಾಪುರದಲ್ಲಿ 1920ರಲ್ಲಿ ನರಸಮ್ಮನವರ ಜನನ. ಹನ್ನೆರಡನೆಯ ವಯಸ್ಸಿಗೆ ಅಂಜಿನಪ್ಪನವರೊಡನೆ ವಿವಾಹ. ಅಜ್ಜಿ ಮರಿಗೆಮ್ಮನವರು ಸುತ್ತಿನ ಹಳ್ಳಿಗಳ ಸೂಲಗಿತ್ತಿ. ಮೊಮ್ಮಗಳಿಗೆ ಅವರೇ ಗುರು. ಶಾಲೆಯಿಲ್ಲ, ಪುಸ್ತಕವಿಲ್ಲ. ಅಜ್ಜಿಯ ಬೆನ್ನ ಹಿಂದೆ ನಿಂತು ನೋಡುವುದು, ನೀರು ಕಾಯಿಸಿ ಕೊಡುವುದು, ಬಟ್ಟೆ ಹಿಂಡುವುದು, ಮತ್ತೆ ನೋಡುವುದು, ಇದೇ ಪಾಠಕ್ರಮ. 1940ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಸ್ವಂತ ಬಂಧುವೊಬ್ಬಾಕೆಯ ಹೆರಿಗೆಗೆ ನೆರವಾದುದು ಮೊದಲ ಸಲ. ಊರಿಗೆ ಬಂದು ಬಿಡಾರ ಹೂಡುತ್ತಿದ್ದ ಅಲೆಮಾರಿ ಜನರಿಂದ ಬಸುರಿ ಬಾಣಂತಿಯರಿಗೆ ಬೇಕಾದ ಗಿಡಮೂಲಿಕೆಗಳ ಪರಿಚಯವನ್ನು ಅವರು ಪಡೆದುಕೊಂಡರು. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಯಾವ ಕಡೆ, ನಾಡಿ ಹೇಗೆ ಎಂಬುದನ್ನು ತಿಳಿಯುತ್ತಿದ್ದರೆಂದು ಅವರನ್ನು ಬಲ್ಲವರು ಹೇಳುತ್ತಾರೆ. ಆಶ್ಚರ್ಯಪಡಬೇಕಾದುದಿಲ್ಲ. ಹೊಟ್ಟೆಯನ್ನು ಮುಟ್ಟಿ ಶಿಶುವಿನ ಭಂಗಿಯನ್ನು ಅರಿಯುವುದು ಇಂದಿಗೂ ಪ್ರಸೂತಿ ಶಿಕ್ಷಣದ ಮೊದಲ ಪಾಠ. ಸಾವಿರಾರು ಬಾರಿ ಮುಟ್ಟಿದ ಬೆರಳುಗಳಿಗೆ ಅದು ತಿಳಿಯದಿದ್ದರೆ ಮತ್ತೆ ಯಾರಿಗೆ ತಿಳಿದೀತು?

ಈ ಜೀವನಚರಿತ್ರೆಯಲ್ಲಿ ಹೊಗಳಿಕೆಯ ಗದ್ದಲದ ನಡುವೆ ಓದುಗರ ಕಣ್ಣಿಗೆ ಸುಲಭವಾಗಿ ಬೀಳದ ಒಂದು ಸಂಗತಿಯಿದೆ. ನರಸಮ್ಮನವರು ತಾವೇ ಹನ್ನೆರಡು ಮಕ್ಕಳನ್ನು ಹೆತ್ತವರು. ಅವರಲ್ಲಿ ನಾಲ್ವರು ಎಳವೆಯಲ್ಲಿಯೇ ತೀರಿಕೊಂಡರು. ಬೇರೆಯವರ ತೊಟ್ಟಿಲನ್ನು ತುಂಬಿಸಲು ಕತ್ತಲಲ್ಲಿ ಎದ್ದು ಹೋಗುತ್ತಿದ್ದ ಆಕೆಯ ಸ್ವಂತ ಮನೆಯ ತೊಟ್ಟಿಲು ನಾಲ್ಕು ಬಾರಿ ಬರಿದಾಯಿತು. ಹೆರುವ ನೋವನ್ನೂ ಕಳೆದುಕೊಳ್ಳುವ ನೋವನ್ನೂ ತಿಳಿದವರೊಬ್ಬರು ತಲೆದೆಸೆಯಲ್ಲಿ ಕುಳಿತಿದ್ದಾರೆಂಬ ಭರವಸೆ ಎಷ್ಟು ದೊಡ್ಡದೆಂಬುದನ್ನು ಹೆತ್ತ ತಾಯಂದಿರು ಬಲ್ಲರು.

ಹದಿನೈದು ಸಾವಿರ ಎಂಬ ಸಂಖ್ಯೆಯನ್ನು ಕೇಳಿ ಬೆರಗಾಗುವವರು ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಎಪ್ಪತ್ತು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು, ವಾರಕ್ಕೆ ಸುಮಾರು ನಾಲ್ಕು. ಹೆರಿಗೆಯು ಗಳಿಗೆ ನೋಡಿ ಬರುವುದಿಲ್ಲ. ಚೊಚ್ಚಲಾದರೆ ನೋವು ಹನ್ನೆರಡು ಗಂಟೆಗೂ ಮೀರಿ ಎಳೆಯಬಹುದು. ಒಲೆಯ ಮೇಲೆ ಇಟ್ಟ ಮುದ್ದೆಯನ್ನು ಅರ್ಧಕ್ಕೇ ಇಳಿಸಿ ಹೊರಡಬೇಕು. ಹಬ್ಬದ ದಿನವೆಂದು, ಮೈ ಸರಿಯಿಲ್ಲವೆಂದು ಹೇಳುವಂತಿಲ್ಲ. ಮಗು ಬಿದ್ದ ಕೂಡಲೇ ಕೈತೊಳೆದು ಹೊರಡುವಂತೆಯೂ ಇಲ್ಲ. ಮಾಸು ಬೀಳಬೇಕು, ರಕ್ತ ನಿಲ್ಲಬೇಕು, ಮಗು ಮೊಲೆ ಹಿಡಿಯಬೇಕು. ಹೆಣ್ಣು ಮಗುವೆಂದು ಮುಖ ತಿರುಗಿಸಿದ ಅತ್ತೆಗೆ ಎರಡು ಬುದ್ಧಿಮಾತು ಹೇಳುವುದೂ ಸೂಲಗಿತ್ತಿಯ ಪಾಲಿಗೇ ಬರುತ್ತಿತ್ತು.

ಇದೆಲ್ಲಕ್ಕೂ ಪ್ರತಿಫಲ ಬೇಡವೆಂದವರು ಉಳ್ಳವರಾಗಿರಲಿಲ್ಲವೆಂಬುದು ಗಮನಿಸಬೇಕಾದ ವಿಷಯ. ಸಿರಿವಂತನು ದಾನ ಮಾಡುವುದು ಮಿಗುವುದರಲ್ಲಿ. ಅದರಿಂದ ಅವನ ಊಟ ಕಡಮೆಯಾಗುವುದಿಲ್ಲ. ನರಸಮ್ಮನವರು ಕೊಟ್ಟದ್ದು ತಮ್ಮ ನಿದ್ರೆಯನ್ನು, ಮನೆಯ ಮಕ್ಕಳಿಗೆ ಸಲ್ಲಬೇಕಾಗಿದ್ದ ಹೊತ್ತನ್ನು. ಇವು ಯಾರಲ್ಲಿಯೂ ಮಿಗುವ ಪದಾರ್ಥಗಳಲ್ಲ. ಕಟ್ಟಡಕ್ಕೆ ಹೆಸರು ಕೆತ್ತಿಸುವ ದಾನಕ್ಕೂ ಇದಕ್ಕೂ ‘ಔದಾರ್ಯ’ವೆಂಬ ಒಂದೇ ಮಾತನ್ನು ಬಳಸುವುದು ಭಾಷೆಯ ಬಡತನವೇ ಸರಿ.

ಇನ್ನೊಂದು ಮಾತನ್ನು ಸ್ಮರಣ ಸಂಚಿಕೆಗಳಲ್ಲಿ ಯಾರೂ ಬರೆಯುವುದಿಲ್ಲ, ಆದರೂ ಬರೆಯಬೇಕಾಗಿದೆ. ಸೂಲಗಿತ್ತಿಯರು ಬಹುಮಟ್ಟಿಗೆ ಸಮಾಜವು ಕೆಳಗಿಟ್ಟ ಜಾತಿಗಳಿಂದ ಬಂದವರು. ಹೆರಿಗೆಯ ರಕ್ತ, ಮಾಸುಗಳನ್ನು ಮುಟ್ಟುವ ಕೆಲಸವು ಮೈಲಿಗೆಯದೆಂದು ಎಣಿಸಿದವರೇ ಆ ಕೆಲಸಕ್ಕೆ ಅವರನ್ನು ಕರೆಕಳುಹಿಸಿದರು. ಪ್ರಸವದ ಕೋಣೆಯಲ್ಲಿ ಆಕೆಯ ಕೈ ಬೇಕು. ಅಡುಗೆಮನೆಯ ಹೊಸ್ತಿಲಲ್ಲಿ ಆಕೆಯ ಕಾಲು ಬೇಡ. ಆಕೆಗೆ ಎಲೆ ಹಾಕುತ್ತಿದ್ದುದು ಹಿತ್ತಲಿನಲ್ಲಿ. ಮದರಾಸು ಈ ವಿಷಯದಲ್ಲಿ ಹೆಚ್ಚು ಉದಾರವಾಗಿತ್ತೆಂದು ಭ್ರಮಿಸಬೇಕಾಗಿಲ್ಲ. ತಿರುವಲ್ಲಿಕ್ಕೇಣಿಯ ಕಸ್ತೂರಬಾ ಗಾಂಧಿ ಆಸ್ಪತ್ರೆಯು 1885ರಲ್ಲಿ ಡಾ. ಮೇರಿ ಶಾರ್ಲಿಬ್ ಅವರಿಂದ ಆರಂಭವಾದಾಗ, ‘ಜಾತಿವಂತ’ ಹಾಗೂ ಗೋಷಾ ಸ್ತ್ರೀಯರ ಆಸ್ಪತ್ರೆಯೆಂಬುದು ಅದರ ಹೆಸರಿನಲ್ಲಿಯೇ ಇತ್ತು. ಮಿಶ್ರ ವಾರ್ಡಿಗೆ ಕಾಲಿಡಲು ಒಪ್ಪದೆ ಮನೆಯಲ್ಲಿಯೇ ಸಾಯುತ್ತಿದ್ದ ಹೆಂಗಸರನ್ನು ಬದುಕಿಸಲು ಆ ವೈದ್ಯೆಗೆ ಬೇರೆ ದಾರಿಯಿರಲಿಲ್ಲ.

ನರಸಮ್ಮನವರಿಗೆ ಸರ್ಕಾರದ ಮನ್ನಣೆ ದೊರೆತುದು ತೊಂಬತ್ತು ದಾಟಿದ ಮೇಲೆ. ಅಲ್ಲಿಯವರೆಗೆ ನಾಡು ಏನು ಮಾಡುತ್ತಿತ್ತು ಎಂಬ ಪ್ರಶ್ನೆ ಸಹಜ. ಆದರೆ ಪ್ರಶಸ್ತಿ ತಡವಾದುದಕ್ಕಿಂತ ದೊಡ್ಡ ಅನ್ಯಾಯವು ಅವರನ್ನು ತಪ್ಪು ಬಗೆಯಲ್ಲಿ ನೆನೆಯುವುದರಿಂದ ಆಗುತ್ತಿದೆ.

ಅವರು ತೀರಿಕೊಂಡಾಗಿನಿಂದ ಅವರ ಹೆಸರನ್ನು ಹಿಡಿದು ಒಂದು ವಾದ ಹೊರಟಿದೆ. ಹಿಂದಿನ ಕಾಲದಲ್ಲಿ ಸೂಲಗಿತ್ತಿಯರು ಮನೆಯಲ್ಲಿಯೇ ಸುಖಪ್ರಸವ ಮಾಡಿಸುತ್ತಿದ್ದರು. ಈಗಿನ ಆಸ್ಪತ್ರೆಗಳು ಹೊಟ್ಟೆ ಕೊಯ್ದು ಹಣ ಮಾಡುತ್ತವೆ. ಆದ್ದರಿಂದ ಹಳೆಯದೇ ಒಳ್ಳೆಯದು, ಎಂದು. ಮನೆಯ ಹಿರಿಯರು ಊಟದ ಎಲೆಯ ಮುಂದೆ ಈ ಮಾತಾಡಿದರೆ ನಕ್ಕು ಸುಮ್ಮನಿರಬಹುದು. ಬಸುರಿ ಹೆಂಗಸು ಇದನ್ನು ನಂಬಿದರೆ ಅಪಾಯ. ಭಾರತದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ ಸಾಯುತ್ತಿದ್ದ ತಾಯಂದಿರು 2001–03ರಲ್ಲಿ 301. 2018–20ರ ವೇಳೆಗೆ 97. ಕರ್ನಾಟಕದಲ್ಲಿ ಇದೇ ಅವಧಿಯಲ್ಲಿ 228ರಿಂದ 69ಕ್ಕೆ, ತಮಿಳುನಾಡಿನಲ್ಲಿ 134ರಿಂದ 54ಕ್ಕೆ ಇಳಿಯಿತು. ಈ ಇಳಿಕೆಗೆ ಕಾರಣಗಳು ಹಲವು. ಅವುಗಳಲ್ಲಿ ಹೆರಿಗೆಯು ಮನೆಯಿಂದ ಆಸ್ಪತ್ರೆಗೆ ಬಂದುದೂ ಮುಖ್ಯವಾದುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ನೂರಕ್ಕೆ 99ಕ್ಕೂ ಹೆಚ್ಚು, ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ.

ಕೈಗುಣವೆಂಬುದು ದೊಡ್ಡದು, ನಿಜ. ಆದರೆ ಹೆರಿಗೆಯ ತರುವಾಯ ಗರ್ಭಕೋಶವು ಕುಗ್ಗದೆ ರಕ್ತ ಧಾರೆಯಾಗಿ ಹರಿಯತೊಡಗಿದರೆ, ಎಂಥ ಕೈಗುಣವಿದ್ದರೂ ಬರಿಗೈಯಿಂದ ಅದನ್ನು ನಿಲ್ಲಿಸುವುದು ಕಷ್ಟ. ಅಲ್ಲಿ ಬೇಕಾದುದು ಆಕ್ಸಿಟೋಸಿನ್ ಚುಚ್ಚುಮದ್ದು, ಗುಂಪು ಹೊಂದುವ ರಕ್ತ, ಅಗತ್ಯವಾದರೆ ಶಸ್ತ್ರಚಿಕಿತ್ಸೆ. ಅದೂ ಗಂಟೆಗಳಲ್ಲಲ್ಲ, ನಿಮಿಷಗಳಲ್ಲಿ. ಬಸುರಿಯ ರಕ್ತದೊತ್ತಡ ಏರಿ ಸೆಳೆತ ಬಂದಾಗಲೂ ಹಾಗೆಯೇ. ಹೊಕ್ಕುಳಬಳ್ಳಿಯನ್ನು ತುಕ್ಕುಹಿಡಿದ ಕುಡುಗೋಲಿನಿಂದ ಕೊಯ್ದು ಅದರ ಮೇಲೆ ಸಗಣಿಯನ್ನೋ ಬೂದಿಯನ್ನೋ ಮೆತ್ತುತ್ತಿದ್ದ ರೂಢಿಯಿಂದ ವಾರದೊಳಗೆ ಧನುರ್ವಾಯು ತಗುಲಿ ಸತ್ತ ಶಿಶುಗಳಿಗೆ ಲೆಕ್ಕವಿಲ್ಲ. ಅಂಥ ಸಾವುಗಳನ್ನು ದೇವರ ಇಚ್ಛೆಯೆಂದು ನುಂಗಿಕೊಂಡ ತಾಯಂದಿರು ಆ ‘ಹಿಂದಿನ ಒಳ್ಳೆಯ ಕಾಲ’ದವರೇ. ಬಸುರಿಯರಿಗೆ ಲಸಿಕೆ ಹಾಗೂ ಶುದ್ಧವಾದ ಹೆರಿಗೆ, ಇವೆರಡರ ಬಲದಿಂದ ಭಾರತವು ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ತೊಡೆದುಹಾಕಿತೆಂದು ಮಾನ್ಯತೆ ಪಡೆದುದು 2015ರಲ್ಲಿ, ಮೊನ್ನೆ ಮೊನ್ನೆ. ನರಸಮ್ಮನವರಂಥ ನಿಪುಣೆ ಇದ್ದ ಊರುಗಳ ಅದೃಷ್ಟವನ್ನು ಎಲ್ಲ ಊರುಗಳ ಅನುಭವವೆಂದು ಹೇಳುವುದು ಸತ್ಯಕ್ಕೆ ದೂರ.

ಹಾಗೆಂದು ಆಕೆಯನ್ನು ಅಜ್ಞಾನಯುಗದ ಪಳೆಯುಳಿಕೆಯೆಂದು ಗೌರವಪೂರ್ವಕವಾಗಿ ಗಾಜಿನ ಪೆಟ್ಟಿಗೆಯಲ್ಲಿಡುವುದೂ ಸರಿಯಲ್ಲ. ಆಸ್ಪತ್ರೆಯು ಹುಟ್ಟಿನಿಂದಲೇ ಸುರಕ್ಷಿತ ಸ್ಥಳವಾಗಿರಲಿಲ್ಲ. ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ವೈದ್ಯ ವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದ ಹೆರಿಗೆ ವಿಭಾಗಕ್ಕಿಂತ ಸೂಲಗಿತ್ತಿಯರ ವಿಭಾಗದಲ್ಲಿ ಬಾಣಂತಿ ಜ್ವರದ ಸಾವು ಬಹಳ ಕಡಮೆಯಿತ್ತು. ಶವಪರೀಕ್ಷೆ ಮಾಡಿದ ಕೈಗಳಲ್ಲಿಯೇ ವಿದ್ಯಾರ್ಥಿಗಳು ಹೆರಿಗೆಗೆ ಬರುತ್ತಿದ್ದುದು ಕಾರಣವೆಂದು 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಕಂಡುಕೊಂಡು ಕೈತೊಳೆಯುವ ನಿಯಮ ತಂದ. ದಾದಿಯರ ಕುಲಮಾತೆ ಫ್ಲಾರೆನ್ಸ್ ನೈಟಿಂಗೇಲ್ ಸಹ 1871ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ, ಮನೆಯಲ್ಲಿ ಹೆತ್ತವರಿಗಿಂತ ಆಸ್ಪತ್ರೆಯಲ್ಲಿ ಹೆತ್ತವರೇ ಹೆಚ್ಚಾಗಿ ಸಾಯುತ್ತಾರೆಂಬುದನ್ನು ಅಂಕಿಅಂಶಗಳೊಡನೆ ತೋರಿಸಿದಳು.

ಈ ಚರಿತ್ರೆಯಲ್ಲಿ ಮದರಾಸಿಗೂ ಹಿರಿಯ ಸ್ಥಾನವಿದೆ. ಇಂದು ಎಗ್ಮೋರಿನಲ್ಲಿ ಸ್ತ್ರೀಯರ ಮತ್ತು ಮಕ್ಕಳ ಸರ್ಕಾರಿ ಆಸ್ಪತ್ರೆಯಾಗಿರುವ ಸಂಸ್ಥೆಯು 1844ರಲ್ಲಿ ಹೆರಿಗೆ ಆಸ್ಪತ್ರೆಯಾಗಿ ಆರಂಭವಾಯಿತು. 1854ರಲ್ಲಿ ಸೂಲಗಿತ್ತಿಯರ ತರಬೇತಿ ಶಾಲೆಗೆ ಸರ್ಕಾರ ಮಂಜೂರಾತಿ ನೀಡಿತು. 1871ರಲ್ಲಿ ಜನರಲ್ ಆಸ್ಪತ್ರೆಯು ದಾದಿಯರ ಶಿಕ್ಷಣವನ್ನು ಕೈಗೊಂಡಾಗ, ಮೊದಲು ಸೇರಿಸಿಕೊಂಡುದು ಸೂಲಗಿತ್ತಿಯ ತರಬೇತಿ ಪಡೆದಿದ್ದವರನ್ನೇ. ಅಂದರೆ, ಈ ನಗರದ ಆಸ್ಪತ್ರೆಯ ದಾದಿಯು ಸೂಲಗಿತ್ತಿಯ ಶತ್ರುವಲ್ಲ, ಆಕೆಯ ಮಗಳು. 1926ರ ಮದರಾಸು ದಾದಿಯರ ಮತ್ತು ಸೂಲಗಿತ್ತಿಯರ ಕಾಯಿದೆಯೂ ಇಬ್ಬರ ಹೆಸರನ್ನು ಒಟ್ಟಿಗೇ ಇರಿಸಿತ್ತು.

ಹಾಗಾದರೆ ತಾಯಿಯಿಂದ ಮಗಳಿಗೆ ಬಾರದೆ ನಡುದಾರಿಯಲ್ಲಿ ಕಳೆದುಹೋದದ್ದೇನು? ಬೇರು, ಕಷಾಯಗಳ ವಿಷಯ ಹಾಗಿರಲಿ; ಅವುಗಳಲ್ಲಿ ಯಾವುದು ಗುಣಕಾರಿ, ಯಾವುದು ನಿರರ್ಥಕ ಎಂಬುದನ್ನು ಪರೀಕ್ಷೆಗಳೇ ಹೇಳಬೇಕು. ಕಳೆದುಹೋದುದು ಜೊತೆಯಲ್ಲಿ ಕೂರುವ ಅಭ್ಯಾಸ. ನೋವು ಆರಂಭವಾದ ಗಳಿಗೆಯಿಂದ ಮಗು ಮೊಲೆ ಹಿಡಿಯುವವರೆಗೆ ಒಬ್ಬ ಅನುಭವಸ್ಥೆಯು ಕೈಬಿಡದೆ ಬಳಿಯಲ್ಲಿರುವುದು.

ಇದು ಬರಿಯ ಭಾವುಕತೆಯ ಮಾತೆಂದು ತಿಳಿಯಬಾರದು. ಹೆರಿಗೆಯ ಉದ್ದಕ್ಕೂ ಒಬ್ಬರು ಜೊತೆಯಲ್ಲಿದ್ದರೆ ಏನಾಗುತ್ತದೆಂಬುದನ್ನು ಪರೀಕ್ಷಿಸಿದ 26 ಅಧ್ಯಯನಗಳನ್ನು ಕೊಕ್ರೇನ್ ಸಂಸ್ಥೆಯು 2017ರಲ್ಲಿ ಒಟ್ಟಾಗಿ ಪರಿಶೀಲಿಸಿತು. 17 ದೇಶಗಳಲ್ಲಿ ನಡೆದ ಅವುಗಳಲ್ಲಿ ಒಳಗೊಂಡ ಸ್ತ್ರೀಯರ ಸಂಖ್ಯೆಯೂ, ಕಾಕತಾಳೀಯವಾಗಿ, ಹದಿನೈದು ಸಾವಿರಕ್ಕೂ ಮಿಕ್ಕಿತ್ತು. ಜೊತೆಗಾರರಿದ್ದ ತಾಯಂದಿರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಮೆ, ನೋವಿನ ಅವಧಿ ಅಲ್ಪ, ಹೆರಿಗೆಯ ಬಗ್ಗೆ ಕಹಿ ನೆನಪೂ ಕಡಮೆ ಎಂದು ಕಂಡುಬಂತು. ಹೆದರಿಕೆಯಿಂದ ಮೈ ಬಿಗಿಯುತ್ತದೆ, ಬಿಗಿದ ಮೈಯಲ್ಲಿ ಹೆರಿಗೆ ತಡವಾಗುತ್ತದೆ. ಕೈಹಿಡಿದು ಧೈರ್ಯ ಹೇಳುವವರಿದ್ದರೆ ಮೈ ಸಡಿಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲಿ ಪ್ರತಿ ಸ್ತ್ರೀಗೂ ಆಕೆ ಬಯಸಿದ ಜೊತೆಗಾರರಿರಬೇಕೆಂಬುದು ಸೇರಿದೆ. ಕೃಷ್ಣಾಪುರದ ಮನೆಗಳಲ್ಲಿ ಇದನ್ನು ಯಾರೂ ಶಿಫಾರಸು ಮಾಡಬೇಕಾಗಿರಲಿಲ್ಲ.

ತಮಿಳುನಾಡು ಸರ್ಕಾರವು 2004ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಜೊತೆಗಾರ್ತಿಯೊಬ್ಬರನ್ನು ಬಿಡುವ ಯೋಜನೆಯನ್ನು ತಂದಿತು. ಈ ವಿಷಯದಲ್ಲಿ ಅದು ಇತರ ರಾಜ್ಯಗಳಿಗಿಂತ ಮುಂದಿತ್ತು. ಬಡವರಿಗೆ ಸಿಕ್ಕಿದ ಈ ಹಕ್ಕು, ದೊಡ್ಡ ಮೊತ್ತ ತೆತ್ತು ಖಾಸಗಿ ಆಸ್ಪತ್ರೆಗೆ ಸೇರುವ ಮಧ್ಯಮ ವರ್ಗದವರಿಗೆ ಎಲ್ಲೆಡೆಯೂ ಸಿಗುತ್ತದೆಂದು ಹೇಳುವಂತಿಲ್ಲ. ಮೇಲೆ ಹೇಳಿದ ಸಮೀಕ್ಷೆಯಂತೆ ತಮಿಳುನಾಡಿನ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 45 ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ 63ಕ್ಕೂ ಹೆಚ್ಚು. ಇಡೀ ಸಮಾಜದ ಮಟ್ಟದಲ್ಲಿ ಈ ಪ್ರಮಾಣವು ನೂರಕ್ಕೆ 10ನ್ನು ದಾಟಿದ ಮೇಲೆ ಅದರಿಂದ ತಾಯಿ ಮಕ್ಕಳ ಸಾವು ಮತ್ತಷ್ಟು ಇಳಿಯುವುದು ಕಂಡುಬರುವುದಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಜೀವ ಉಳಿಸುವ ಶಸ್ತ್ರಚಿಕಿತ್ಸೆ ಬೇಡವೆನ್ನುವುದು ಮೂರ್ಖತನ. ಆದರೆ ನಕ್ಷತ್ರ ನೋಡಿ ದಿನ ಗೊತ್ತುಮಾಡಿ ಹೊಟ್ಟೆ ಕೊಯ್ಯಿಸಿಕೊಳ್ಳುವ ಮನೆಯವರು ವೈದ್ಯರನ್ನಷ್ಟೇ ದೂರಿದರೆ ನ್ಯಾಯವಾಗುವುದಿಲ್ಲ.

ಇಂದು ಚೆನ್ನೈನ ಕನ್ನಡ ಸಂಸಾರದ ಸ್ಥಿತಿಯನ್ನು ನೋಡಿ. ಮಗಳು ತವರಿಗೆ ಹೋಗುವ ಕಾಲ ಕಳೆದು, ತವರೇ ಮಗಳ ಬಳಿಗೆ ಬರುವ ಕಾಲ ಬಂದಿದೆ. ಮಗಳು ಒಂಬತ್ತನೆಯ ತಿಂಗಳಿನವರೆಗೂ ಹಳೆಯ ಮಹಾಬಲಿಪುರಂ ರಸ್ತೆಯ ಕಚೇರಿಗೆ ಹೋಗುತ್ತಾಳೆ. ತಾಯಿ ತುಮಕೂರಿನಿಂದಲೋ ಮೈಸೂರಿನಿಂದಲೋ ಅಂಟಿನುಂಡೆ, ಮೆಂತ್ಯದ ಹಿಟ್ಟು, ಹಳೆಯ ಸೀರೆಯ ಮೆತ್ತನೆಯ ತುಂಡುಗಳ ಗಂಟಿನೊಡನೆ ರೈಲಿಳಿಯುತ್ತಾರೆ. ನೋವು ಬಂದ ರಾತ್ರಿ ಆಸ್ಪತ್ರೆಯ ಬಾಗಿಲಲ್ಲಿ ಅವರನ್ನು ತಡೆದು ಹೊರಗಿನ ಕುರ್ಚಿಯಲ್ಲಿ ಕೂರಿಸಿದರೆ, ಒಳಗೆ ಮಗಳು ಒಬ್ಬಂಟಿ. ಗಾಬರಿಯಲ್ಲಿ ಆಕೆಗೆ ಬಾಯಿಗೆ ಬರುವುದು ಕಚೇರಿಯ ಇಂಗ್ಲಿಷೂ ಅಲ್ಲ, ಅಂಗಡಿಯ ತಮಿಳೂ ಅಲ್ಲ, ಅಮ್ಮನ ಕನ್ನಡ. ಅದೃಷ್ಟವಶಾತ್ ‘ನೋವು’ ಎಂಬ ಮಾತು ತಮಿಳರಿಗೂ ಅರ್ಥವಾಗುವಂಥದು. ತಿರುನೆಲ್ವೇಲಿಯಿಂದಲೋ ಕೇರಳದಿಂದಲೋ ಬಂದು ರಾತ್ರಿ ಪಾಳಿಯಲ್ಲಿರುವ ಯುವ ದಾದಿಯೊಬ್ಬಳು, ಇನ್ನೂ ಹಲವರನ್ನು ನೋಡಿಕೊಳ್ಳಬೇಕಾಗಿದ್ದರೂ, ಐದು ನಿಮಿಷ ನಿಂತು ಬೆನ್ನು ನೀವಿದರೆ, ಆ ಗಳಿಗೆಯಲ್ಲಿ ಆಕೆಯೇ ನರಸಮ್ಮ. ಆ ಹುಡುಗಿಯ ಸಂಬಳವೆಷ್ಟು, ಪಾಳಿ ಎಷ್ಟು ಗಂಟೆಯದು ಎಂದು ಬಿಲ್ಲಿನ ಮೊತ್ತವನ್ನು ಕಂಡು ಗೊಣಗುವವರು ಒಮ್ಮೆ ವಿಚಾರಿಸಬೇಕು.

ಆದುದರಿಂದ ಆಸ್ಪತ್ರೆಯನ್ನು ಆಯ್ದುಕೊಳ್ಳುವಾಗ ಹವಾನಿಯಂತ್ರಣ, ಕೊಠಡಿಯ ಅಂದಚೆಂದಗಳಿಗಿಂತ ಮುಂಚೆ ಕೇಳಬೇಕಾದುದು, ಹೆರಿಗೆ ಕೋಣೆಯೊಳಗೆ ತಾಯಿಯನ್ನೋ ಅತ್ತೆಯನ್ನೋ ಗಂಡನನ್ನೋ ಬಿಡುವಿರಾ ಎಂದು. ಏಳನೆಯ ತಿಂಗಳಿನಲ್ಲಿಯೇ ಕೇಳಿ ಒಪ್ಪಿಗೆ ಪಡೆಯುವುದು ಲೇಸು. ರಕ್ತದ ವ್ಯವಸ್ಥೆ, ರಾತ್ರಿಯಲ್ಲಿಯೂ ವೈದ್ಯರಿರುವರೇ ಎಂಬುದು ಎರಡನೆಯ ಪ್ರಶ್ನೆ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಮೊಲೆಗೆ ಹಾಕಬೇಕು; ಅದರಿಂದ ಗರ್ಭಕೋಶವೂ ಬಿಗಿಯುತ್ತದೆ. ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಿದ್ದುದು ಹಿರಿಯರು ಮಾಡಿದ ತಪ್ಪುಗಳಲ್ಲಿ ಒಂದು; ರೋಗವನ್ನು ತಡೆಯುವ ಶಕ್ತಿ ಇರುವುದೇ ಅದರಲ್ಲಿ.

ಬಾಣಂತನದ ವಿಷಯದಲ್ಲಿಯೂ ಒಳ್ಳೆಯದನ್ನು ಇಟ್ಟುಕೊಂಡು ಕೆಟ್ಟದ್ದನ್ನು ಬಿಡುವ ವಿವೇಕ ಬೇಕು. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಕೊಬ್ಬರಿ, ಎಣ್ಣೆನೀರು, ವಿಶ್ರಾಂತಿ ಇವೆಲ್ಲ ಇರಲಿ. ಆದರೆ ಬಾಣಂತಿಗೆ ನೀರು ಕೊಡಬಾರದೆಂಬ ಕಟ್ಟಳೆ ಕ್ರೂರವಾದುದು. ಹಾಲೂಡುವವಳಿಗೆ ಬಾಯಾರಿಕೆ ಹೆಚ್ಚು, ಕೇಳಿದಷ್ಟು ನೀರು ಕೊಡಲೇಬೇಕು. ಪಥ್ಯವೆಂದು ತಿಂಗಳುಗಟ್ಟಲೆ ಬಿಳಿ ಅನ್ನ, ಸಾರಿನ ತಿಳಿಯಲ್ಲಿಯೇ ಇಟ್ಟರೆ ತಾಯಿಯಲ್ಲಿ ಥಯಮಿನ್ ಎಂಬ ಜೀವಸತ್ವ ಕುಂದಿ, ಮೊಲೆಹಾಲನ್ನೇ ನೆಚ್ಚಿದ ಕೂಸಿನ ಹೃದಯಕ್ಕೆ ಘಾತವಾದ ಪ್ರಸಂಗಗಳನ್ನು ದಕ್ಷಿಣ ಭಾರತದ ವೈದ್ಯರು ಇತ್ತೀಚಿನ ವರ್ಷಗಳಲ್ಲಿಯೂ ವರದಿ ಮಾಡಿದ್ದಾರೆ. ಬೇಳೆ, ಕಾಳು, ಸೊಪ್ಪು, ತರಕಾರಿ ಎಲ್ಲವೂ ಸಲ್ಲುತ್ತವೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಸಾಂಬ್ರಾಣಿ ಹೊಗೆ ತುಂಬಿಸುವುದು ಎಳೆಯ ಶ್ವಾಸಕೋಶಕ್ಕೆ ವಿಷ. ಚೆನ್ನೈನ ಸೆಕೆಯಲ್ಲಿ ಬೆಚ್ಚಗಿಡಲು ಕೆಂಡ ಬೇರೆ ಬೇಕೇ! ಹೆರಿಗೆಯಾದ ಆರು ವಾರಗಳೊಳಗೆ ಅತಿಯಾದ ರಕ್ತಸ್ರಾವ, ಚಳಿಜ್ವರ, ಕಣ್ಣು ಮಂಜಾಗುವಂಥ ತಲೆನೋವು, ಏದುಸಿರು ಕಂಡರೆ ಮನೆಮದ್ದು ಮಾಡುತ್ತ ಕೂರದೆ 108ಕ್ಕೆ ಕರೆಮಾಡಬೇಕು. ಸೂಲಗಿತ್ತಿಯರಲ್ಲಿ ನಿಜವಾಗಿ ಬಲ್ಲವಳೆನಿಸಿಕೊಂಡವಳು, ತನ್ನ ಕೈಮೀರಿದುದನ್ನು ಬೇಗನೆ ಗುರುತಿಸಿದವಳು.

2018ರ ಡಿಸೆಂಬರ್ ತಿಂಗಳಿನಲ್ಲಿ ಭಾರತ ಸರ್ಕಾರವು ಸೂಲಗಿತ್ತಿ ಸೇವೆಗಳ ಮಾರ್ಗಸೂಚಿಯನ್ನು ಪ್ರಕಟಿಸಿತು. ದಾದಿಯರಿಗೆ 18 ತಿಂಗಳ ವಿಶೇಷ ತರಬೇತಿ ನೀಡಿ, ತೊಡಕಿಲ್ಲದ ಹೆರಿಗೆಗಳನ್ನು ಆಸ್ಪತ್ರೆಯಲ್ಲಿಯೇ ಅವರ ಕೈಗೊಪ್ಪಿಸುವುದು, ತೊಡಕು ಕಂಡೊಡನೆ ವೈದ್ಯರನ್ನು ಕರೆಯುವುದು ಅದರ ಉದ್ದೇಶ. ಶಸ್ತ್ರಚಿಕಿತ್ಸಾ ಕೊಠಡಿಯು ಹತ್ತು ಹೆಜ್ಜೆಯಲ್ಲಿದ್ದು, ಬಳಿಯಲ್ಲಿ ಕೂರುವ ಸೂಲಗಿತ್ತಿಯೂ ಇರುವ ವ್ಯವಸ್ಥೆ ಅದು. ಅದೇ ತಿಂಗಳಿನ 25ರಂದು ನರಸಮ್ಮನವರು ಕಣ್ಣುಮುಚ್ಚಿದರು. ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದ ಆ ಕೊನೆಯ ದಿನಗಳಲ್ಲಿ ಅವರ ಮಗ್ಗುಲು ಬದಲಿಸಿದವರು, ನೀರು ಕುಡಿಸಿದವರು ದಾದಿಯರೇ ಇದ್ದಿರಬೇಕು. ಪತ್ರಿಕೆಗಳು ಅವರ ಹೆಸರನ್ನು ಬರೆಯಲಿಲ್ಲ. ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದುದು 2020ನ್ನು, ನೈಟಿಂಗೇಲ್ ಹುಟ್ಟಿ ಇನ್ನೂರು ವರ್ಷ ತುಂಬಿದುದರ ನೆನಪಿಗಾಗಿ. ನರಸಮ್ಮನವರು ಇದ್ದಿದ್ದರೆ ಅವರಿಗೂ ಆ ವರ್ಷವೇ ನೂರು ತುಂಬುತ್ತಿತ್ತು.

ಚೆನ್ನೈನ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವಕ್ಕೆ ಹಾಡು, ಯುಗಾದಿಗೆ ಹೋಳಿಗೆ, ದಸರೆಗೆ ಗೊಂಬೆ ಇವುಗಳಿಗೆ ಕೊರತೆಯಿಲ್ಲ. ಸದಸ್ಯರ ನಡುವೆ ನಿವೃತ್ತ ದಾದಿಯರಿದ್ದಾರೆ; ಮಕ್ಕಳು ದೂರದೇಶಗಳಲ್ಲಿದ್ದು, ಸಂಜೆ ಕಳೆಯುವುದೇ ಕಷ್ಟವೆನ್ನುವ, ನಾಲ್ಕಾರು ಬಾಣಂತನ ಮಾಡಿದ ತಾಯಂದಿರಿದ್ದಾರೆ. ಇತ್ತ, ತವರಿನವರು ಬರಲಾಗದ, ತಾಯಿಯಿಲ್ಲದ, ಹೊಸದಾಗಿ ಊರಿಗೆ ಬಂದ ಬಸುರಿಯರೂ ಇದ್ದಾರೆ. ಇವರೀರ್ವರ ಹೆಸರು ಮತ್ತು ದೂರವಾಣಿ ಸಂಖ್ಯೆಗಳನ್ನು ಅವರವರ ಒಪ್ಪಿಗೆ ಪಡೆದು ಒಂದು ಪುಸ್ತಕದಲ್ಲಿ ಬರೆದಿಡಲು ಎರಡು ರೂಪಾಯಿಯ ಪೆನ್ನು ಸಾಕು. ಹೆರಿಗೆ ಕೋಣೆಯಲ್ಲಿ ಜೊತೆಗಾರ್ತಿಯು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ನಿವೃತ್ತ ದಾದಿಯೊಬ್ಬರು ಎರಡು ಭಾನುವಾರಗಳಲ್ಲಿ ಕಲಿಸಿಕೊಡಬಲ್ಲರು. ಮೊದಲ ಪಾಠವು ಕೈತೊಳೆಯುವುದು. ಎರಡನೆಯದು, ಮಗು ಹುಟ್ಟಿದ ಸಂಭ್ರಮದಲ್ಲಿ ಎಲ್ಲರೂ ತೊಟ್ಟಿಲ ಕಡೆ ತಿರುಗಿದಾಗ, ತಾಯಿಯ ಬಳಿಯಲ್ಲಿಯೇ ಇನ್ನೂ ಎರಡು ಗಂಟೆ ಕುಳಿತಿರುವುದು.